ರಾಜಕಾಲುವೆ ದಂಡೆಯ ಹಸಿರು ದಾರಿ: ನೀರಿನ ಲೆಕ್ಕ, ಹೂಳಿನ ಲೆಕ್ಕ

ಬೆಂಗಳೂರಿನ ನಡುವೆ ದೊಡ್ಡ ಹೊಳೆಯಿಲ್ಲ. ಹೊಳೆಯ ಕೆಲಸವನ್ನು ಇಲ್ಲಿ ಕಣಿವೆಗಳು ಮಾಡುತ್ತವೆ. ಊರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ಹಾಗಾಗಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ದೊಡ್ಡ ಕಣಿವೆಗಳಿಗೆ ಹಂಚಿಹೋಗುತ್ತದೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಗೆ, ವೃಷಭಾವತಿಯದು ಅರ್ಕಾವತಿಯ ಮೂಲಕ ಕಾವೇರಿಗೆ ಸೇರುತ್ತದೆ. ಈ ಕಣಿವೆಗಳ ತಳದಲ್ಲಿ ಹರಿಯುವ ರಾಜಕಾಲುವೆಗಳ, ಅಂದರೆ ಮಳೆನೀರಿನ ದೊಡ್ಡ ಕಾಲುವೆಗಳ, ದಂಡೆಯಲ್ಲಿ ಜನ ನಡೆಯುವಂತಾಗಬೇಕು ಎಂಬುದು ಹಳೆಯ ಆಸೆ. ಶಾಂತಿನಗರ ಬಸ್ ನಿಲ್ದಾಣದ ಪಕ್ಕ ಹಾದು ಬೆಳ್ಳಂದೂರು ಕೆರೆಯತ್ತ ಸಾಗುವ ಕೆ-100 ಕಾಲುವೆಯಲ್ಲಿ ಅದು ಕೆಲಸವಾಗಿ ಶುರುವಾದ ಮೇಲೆ, ನಮ್ಮ ಬಡಾವಣೆಯ ಕಾಲುವೆಗೂ ಹೀಗೆ ಮಾಡಬಹುದೇ ಎಂದು ಬಹಳ ಕಡೆ ಕೇಳುತ್ತಾರೆ.

ಖಂಡಿತ ಮಾಡಬಹುದು. ಆದರೆ ಕೆಲಸದ ಕ್ರಮ ತಪ್ಪಬಾರದು. ಮಳೆನೀರಿಗೂ ಹೂಳೆತ್ತುವ ಯಂತ್ರಕ್ಕೂ ಎಂದು ಮಾಡಿದ ದಾರಿಯಲ್ಲಿ ಜನ ಆರಾಮಾಗಿ ನಡೆಯುತ್ತಾರೆ. ಬರೀ ನಡೆಯುವವರಿಗೆಂದು ಮಾಡಿದ ದಾರಿ ಎರಡನೇ ಮಳೆಗಾಲಕ್ಕೇ ಒಡೆದುಹೋಗುತ್ತದೆ. ಅದನ್ನು ಒಡೆಯುವುದು ಕೆಲವೊಮ್ಮೆ ನೀರು, ಹೆಚ್ಚಿನ ಸಲ ಜೆಸಿಬಿ.

ಮೊದಲು ನೀರಿನ ಲೆಕ್ಕ. ಒಂದು ಚದರ ಕಿಲೋಮೀಟರ್ ಅಂದರೆ 100 ಹೆಕ್ಟೇರ್. ಗಂಟೆಗೆ 60 ಮಿಲಿಮೀಟರ್ ವೇಗದ ಮಳೆ ಬಿದ್ದು, ಮನೆ, ರಸ್ತೆ, ಕಾಂಕ್ರೀಟು ಸೇರಿ ಅದರ ಶೇ. 80 ಹರಿದು ಬಂದರೆ ಸೆಕೆಂಡಿಗೆ ಸುಮಾರು 13 ಘನ ಮೀಟರ್ ನೀರು ಕಾಲುವೆಗೆ ಬೀಳುತ್ತದೆ. ಅದೇ ಜಾಗ ಹೊಲ, ತೋಪು ಆಗಿದ್ದ ಕಾಲದಲ್ಲಿ ಶೇ. 30 ಹರಿದಿದ್ದರೂ 5 ಘನ ಮೀಟರ್ ಮಾತ್ರ. ಹಳೆಯ ಕಾಲುವೆಯ ಅಗಲ ಆ 5ಕ್ಕೆ ಹೊಂದಿಕೊಂಡದ್ದು. ದಾರಿ ಮಾಡುವ ನೆಪದಲ್ಲಿ ಕಾಲುವೆಯೊಳಗೆ ಒಂದು ಮೀಟರ್ ಚಾಚಿ ಕಟ್ಟಿದರೂ ನಾವು ಕಸಿದುಕೊಳ್ಳುವುದು ನೀರಿನ ಜಾಗವನ್ನು. ಅದರ ಪರಿಣಾಮ ಮೇಲ್ಗಡೆಯ ತಗ್ಗು ಮನೆಗಳ ಅಡುಗೆಮನೆಯಲ್ಲಿ ಕಾಣುತ್ತದೆ.

ಎಲ್ಲರಿಗೂ ಇಷ್ಟವಾಗುವ ಇನ್ನೊಂದು ಸಲಹೆಯಿದೆ: ಕಾಂಕ್ರೀಟ್ ಕಿತ್ತು ಹುಲ್ಲು, ಗಿಡ, ಕಲ್ಲುಗಳ ಸಹಜ ದಂಡೆ ಮಾಡೋಣ ಅಂತ. ಮನಸ್ಸಿಗೆ ಹಿತವಾದ ಮಾತು, ಆದರೆ ಲೆಕ್ಕ ಬೇರೆ ಹೇಳುತ್ತದೆ. ನೀರಿನ ಲೆಕ್ಕದಲ್ಲಿ ನಯವಾದ ಕಾಂಕ್ರೀಟಿನ ಒರಟುತನದ ಅಂಕಿ (ಹೆಚ್ಚಿದಷ್ಟೂ ನೀರು ನಿಧಾನ) 0.015ರಷ್ಟು, ಗಿಡಗಂಟಿ ಬೆಳೆದ ಮಣ್ಣಿನ ಕಾಲುವೆಯದು 0.035 ಅಥವಾ ಹೆಚ್ಚು. ಆಳವೂ ಇಳಿಜಾರೂ ಅಷ್ಟೇ ಇದ್ದರೆ ನೀರಿನ ವೇಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅಂದರೆ ಅಷ್ಟೇ ನೀರು ಸಾಗಲು ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಕು. ಸಿಂಗಪುರದ ಬಿಶಾನ್-ಆಂಗ್ ಮೋ ಕಿಯೊ ಉದ್ಯಾನದಲ್ಲಿ ಕಲ್ಲಾಂಗ್ ನದಿಯನ್ನು ಇದೇ ರೀತಿ ಬಿಡಿಸಿದರು. 2.7 ಕಿಲೋಮೀಟರಿನ ನೇರ ಕಾಂಕ್ರೀಟ್ ಕಾಲುವೆ 2012ರ ಹೊತ್ತಿಗೆ ಸುಮಾರು 3 ಕಿಲೋಮೀಟರಿನ ಬಳುಕುವ ಹೊಳೆಯಾಯಿತು. ಅದು ಸಾಧ್ಯವಾಗಿದ್ದು ಪಕ್ಕದಲ್ಲಿ 62 ಹೆಕ್ಟೇರ್ ಉದ್ಯಾನವಿದ್ದುದರಿಂದ. 17ರಿಂದ 24 ಮೀಟರ್ ಇದ್ದ ಅಗಲ, ನೆರೆ ಬಂದಾಗ ಸುಮಾರು 100 ಮೀಟರಿನವರೆಗೆ ಹರಡಿಕೊಳ್ಳುತ್ತದೆ. ಅವರು ಮೊದಲು ಚಿಕ್ಕ ಚರಂಡಿಯೊಂದರ 60 ಮೀಟರ್ ಉದ್ದದಲ್ಲಿ ಬೇರೆ ಬೇರೆ ಬಗೆಯ ದಂಡೆ ಕಟ್ಟಿ ನೋಡಿ, ನಿಂತದ್ದನ್ನು ಮಾತ್ರ ನದಿಗೆ ತಂದರು. ಆ ಎಚ್ಚರ ನಮಗೂ ಬೇಕು. ಎರಡೂ ಕಡೆ ಮನೆಗೋಡೆ ಒತ್ತಿಕೊಂಡಿರುವ ಕಡೆ ಕಲ್ಲಿನ ಗೋಡೆ ಉಳಿಯಲಿ. ಮೈದಾನ, ಕೆರೆಯಂಗಳ, ಸಂಸ್ಥೆಗಳ ಆವರಣ ತಾಗುವಲ್ಲಿ ಮಾತ್ರ ದಂಡೆಯನ್ನು ಹಿಂದಕ್ಕೆ ಸರಿಸಿ ಇಳಿಜಾರು ಮಾಡಿ.

ಜಾಗದ ಮಾತು ಬಂದಾಗ ಕಾಗದ ಮುಖ್ಯ. ಗ್ರಾಮ ನಕ್ಷೆಯಲ್ಲಿ ರಾಜಕಾಲುವೆಯನ್ನು ಸರ್ಕಾರಿ ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಸೇರದ ಸರ್ಕಾರಿ ಜಾಗದಲ್ಲಿ, ತೋರಿಸಿರುತ್ತಾರೆ. ಭೂಮಾಪನ ಇಲಾಖೆಯಿಂದ ಗಡಿ ಗುರುತಿಸಿ ಕಲ್ಲು ನೆಡಿಸದೆ ಒಂದು ರೇಖೆಯನ್ನೂ ಎಳೆಯಬಾರದು. ಕಾಲುವೆಯ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಜಾಗದ ಅಳತೆ ಮತ್ತೆ ಮತ್ತೆ ಬದಲಾಗಿದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ದೊಡ್ಡ ಕಾಲುವೆಗೆ 50, ನಡುವಿನದಕ್ಕೆ 35, ಚಿಕ್ಕದಕ್ಕೆ 25 ಮೀಟರ್ ಎಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಆದ್ದರಿಂದ ಯೋಜನೆ ಬರೆಯುವ ದಿನ ಜಾರಿಯಲ್ಲಿರುವ ಅಳತೆ ಯಾವುದು, ಅದು ಕಾಲುವೆಯ ನಡುವಿನಿಂದಲೋ ಅಂಚಿನಿಂದಲೋ ಎಂಬುದನ್ನು ಲಿಖಿತವಾಗಿ ಪಡೆಯಿರಿ. ದಂಡೆಯ ಮೇಲೆ ಗುಜರಿ ವಿಂಗಡಿಸುವವರು, ತಳ್ಳುಗಾಡಿಯವರು, ಬಟ್ಟೆ ಒಗೆಯುವವರು ಇರುತ್ತಾರೆ. ಅವರಿಗೊಂದು ನೆಲೆ ನಕ್ಷೆಯಲ್ಲೇ ಇರಬೇಕು. ದಿನವಿಡೀ ಅಲ್ಲಿರುವ ಅವರ ಕಣ್ಣೇ ದಾರಿಗೆ ಒಳ್ಳೆಯ ಕಾವಲು.

ಇನ್ನು ಕೊಳಚೆ. ಇದನ್ನು ಬಗೆಹರಿಸದೆ ಹಾಕಿದ ಬೆಂಚಿನ ಮೇಲೆ ಯಾರೂ ಕೂರುವುದಿಲ್ಲ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಬರುತ್ತದೆ ಎಂದು ಹಿಡಿದರೆ, 10,000 ಜನರಿರುವ ಬಡಾವಣೆಯಿಂದ ಸರಾಸರಿ ಸೆಕೆಂಡಿಗೆ 12.5 ಲೀಟರ್ ಬರುತ್ತದೆ. ಬೆಳಗಿನ ಹೊತ್ತು ಅದರ ಮೂರು ಪಟ್ಟು, ಸುಮಾರು 37 ಲೀಟರ್. ಪಕ್ಕದ ಚರಂಡಿ ರಾಜಕಾಲುವೆಗೆ ಸೇರುವ ಬಾಯಲ್ಲಿ 200ರಿಂದ 300 ಮಿಲಿಮೀಟರ್ ಎತ್ತರದ ಅಡ್ಡಗಟ್ಟೆ ಕಟ್ಟಿ, ಅದರ ಹಿಂದಿನಿಂದ ಒಳಚರಂಡಿಗೆ ಪೈಪು ಕೊಡುತ್ತಾರೆ. ಬೇಸಿಗೆಯ ಹರಿವು ಪೈಪಿಗೆ ಹೋಗುತ್ತದೆ, ಮಳೆನೀರು ಗಟ್ಟೆ ಹಾರಿ ಕಾಲುವೆಗೆ ಬೀಳುತ್ತದೆ. 300 ಮಿಲಿಮೀಟರ್ ಪೈಪು 200ಕ್ಕೆ 1ರ ಇಳಿಜಾರಿನಲ್ಲಿ ತುಂಬಿ ಹರಿದರೆ ಸೆಕೆಂಡಿಗೆ 68 ಲೀಟರ್ ಒಯ್ಯುತ್ತದೆ, ಹಾಗಾಗಿ ಕಾಗದದಲ್ಲಿ ಧಾರಾಳ. ನೆಲದಲ್ಲಿ ಅದು ಮೊದಲ ಮಳೆಗೇ ಕಟ್ಟಿಕೊಳ್ಳುತ್ತದೆ, ಏಕೆಂದರೆ ಗಟ್ಟೆಯ ಹಿಂದೆ ಮರಳು, ಪ್ಲಾಸ್ಟಿಕ್ ಕವರು, ತೆಂಗಿನ ಚಿಪ್ಪು ತಂಗುತ್ತವೆ. ಪೈಪಿನ ಬಾಯಿಗಿಂತ 600 ಮಿಲಿಮೀಟರ್ ಆಳದ, ಒಂದು ಮೀಟರ್ ಉದ್ದಗಲದ ಹೂಳಿನ ಗುಂಡಿ ಕೊಡಿ, ಹೀರುವ ವಾಹನ ಅದರ ಪಕ್ಕಕ್ಕೆ ಬಂದು ನಿಲ್ಲುವಂತಿರಲಿ. ಗುಂಡಿಗೂ ಮ್ಯಾನ್‌ಹೋಲಿಗೂ ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ಯಂತ್ರ ತಲುಪದ ಜಾಗದಲ್ಲಿ ಗುಂಡಿ ಮಾಡಿದವರು ಯಾರನ್ನೋ ಒಳಗಿಳಿಸಲು ಈಗಲೇ ನಿರ್ಧರಿಸಿದಂತೆ.

ಕೊಳಚೆ ತಡೆದ ಮೇಲೆ ಬೇಸಿಗೆಯಲ್ಲಿ ಕಾಲುವೆ ಒಣಗುತ್ತದೆ. ಆಗ ಶುದ್ಧೀಕರಿಸಿದ ನೀರು ಬಿಡುವುದು ಒಳ್ಳೆಯ ದಾರಿ, ಆದರೆ ಅಮೋನಿಯ, ರಂಜಕ ಉಳಿದ ನೀರು ನಿಂತಲ್ಲಿ ಹಸಿರು ಪಾಚಿ ಕಟ್ಟಿ ನಾರುತ್ತದೆ. ಸೋಪಿನ ಅಂಶ ಉಳಿದರೆ ಬೀಳುವಲ್ಲೆಲ್ಲ ನೊರೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೆಳತುದಿಯ ಬೆಳ್ಳಂದೂರಿನಲ್ಲಿ ನೊರೆಯನ್ನು ಎಲ್ಲರೂ ನೋಡಿದ್ದೇವೆ. ನೀರಿನ ಆಳ 300 ಮಿಲಿಮೀಟರಿಗೆ ಮೀರದಂತೆ, ಎಲ್ಲೂ ನಿಲ್ಲದಂತೆ ಹರಿಸಿದರೆ ಸೊಳ್ಳೆಯೂ ಕಡಿಮೆ. ಪಂಪಿನ ಕರೆಂಟ್ ಬಿಲ್ಲನ್ನು ಮೊದಲ ದಿನವೇ ಬಜೆಟ್ಟಿನಲ್ಲಿ ಬರೆಯಿರಿ. 2005ರಲ್ಲಿ ತೆರೆದ, ದಕ್ಷಿಣ ಕೊರಿಯಾದ ಸೋಲ್ ನಗರದ 5.8 ಕಿಲೋಮೀಟರಿನ ಚೊಂಗ್ಯೆಚೊನ್ ತೊರೆಗೆ ದಿನಕ್ಕೆ 1,20,000 ಟನ್ ನೀರು ಹೊರಗಿನಿಂದ ಪಂಪಾಗಿ ಬರಬೇಕು.

ಗೋಡೆ ಬೀಳುವುದು ನೆರೆ ಏರಿದಾಗ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಿನವು ಬೀಳುವುದು ನೆರೆ ಇಳಿಯುವಾಗ. ಕಾಲುವೆ ತುಂಬಿದ್ದಾಗ ಎರಡೂ ಕಡೆಯ ಒತ್ತಡ ಸರಿಸಮ. ನೀರು ಒಂದೆರಡು ಗಂಟೆಯಲ್ಲಿ ಸರ್ರನೆ ಇಳಿದಾಗ ಗೋಡೆಯ ಹಿಂದಿನ ಮಣ್ಣು ಇನ್ನೂ ನೆನೆದು ಭಾರವಾಗಿರುತ್ತದೆ, ಮುಂದೆ ಆನಿಕೆ ಇರುವುದಿಲ್ಲ. ಅದಕ್ಕೇ ಗೋಡೆಯಲ್ಲಿ 75ರಿಂದ 100 ಮಿಲಿಮೀಟರ್ ಪೈಪಿನ ಸೋರುಗಂಡಿಗಳನ್ನು ಒಂದೂವರೆ ಮೀಟರಿಗೊಂದರಂತೆ ಇಡಬೇಕು, ಹಿಂದೆ ಜಲ್ಲಿಯ ಪದರ, ಅದರ ಹಿಂದೆ ಮಣ್ಣು ತಡೆಯುವ ಜವಳಿ ಹಾಳೆ ಇರಬೇಕು. ಜಲ್ಲಿ ಇಲ್ಲದ ಗಂಡಿಯಲ್ಲಿ ಮಣ್ಣೇ ಸೋರಿಹೋಗಿ ದಾರಿಯ ಕೆಳಗೆ ಪೊಳ್ಳಾಗುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗದು. ಸುಂದರೀಕರಣದ ಪ್ಲಾಸ್ಟರಿಂಗ್ ಮಾಡುವಾಗ ಈ ಗಂಡಿಗಳನ್ನು ಮುಚ್ಚಿಬಿಡುವುದು ಅತಿ ಸಾಮಾನ್ಯ, ಅತಿ ಅಪಾಯದ ತಪ್ಪು. ಗೋಡೆಯ ಬುಡವನ್ನು ನೀರು ಕೊರೆಯುವಲ್ಲಿ, ಅದರಲ್ಲೂ ತಿರುವಿನ ಹೊರಬದಿಯಲ್ಲಿ, ತಂತಿಬಲೆಯಲ್ಲಿ ತುಂಬಿದ ದಪ್ಪ ಕಲ್ಲುಗಳನ್ನು ಹಾಸಿ.

ದಾರಿ ಕನಿಷ್ಠ 3 ಮೀಟರ್, ಯಂತ್ರ ಓಡುವ ಬದಿಯಲ್ಲಿ 4 ಮೀಟರ್ ಅಗಲವಿರಲಿ. ಕಾಲುವೆ ಕಡೆಗೆ ನೂರಕ್ಕೆ ಎರಡರಷ್ಟು ಓರೆ ಕೊಟ್ಟರೆ ನೀರು ನಿಲ್ಲುವುದಿಲ್ಲ. ಮುಳುಗುವ ಭಾಗದಲ್ಲಿ ಪೇವರ್ ಬೇಡವೇ ಬೇಡ. ನೀರು ಇಳಿಯುವಾಗ ಅದರಡಿಯ ಮರಳು ಹೀರಿಹೋಗಿ ಇಟ್ಟಿಗೆಗಳು ಕುಸಿಯುತ್ತವೆ. ಗಟ್ಟಿಯಾಗಿ ಕುಟ್ಟಿದ ನೆಲ, 150 ಮಿಲಿಮೀಟರ್ ಜಲ್ಲಿಮಿಶ್ರ ತಳ, ಮೇಲೆ 150 ಮಿಲಿಮೀಟರ್ ಎಂ-25 ದರ್ಜೆಯ ಕಾಂಕ್ರೀಟ್, ಹಸಿ ಇರುವಾಗಲೇ ಪೊರಕೆ ಎಳೆದ ಒರಟು ಮೇಲ್ಮೈ, ಸುಮಾರು 4 ಮೀಟರಿಗೊಂದು ಸೀಳು. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಹೂಳಿನ ತೆಳು ಪದರ ಕೂತರೆ ವಯಸ್ಸಾದವರು ಜಾರಿ ಬೀಳುವುದು ಖಚಿತ. ಗಾಲಿಕುರ್ಚಿಯವರಿಗೆ ಇಳಿಜಾರು 20ಕ್ಕೆ 1 ಇದ್ದರೆ ಚೆನ್ನ. ಜಾಗವಿಲ್ಲದಲ್ಲಿ 12ಕ್ಕೆ 1, ಆದರೆ ಪ್ರತಿ 9 ಮೀಟರಿಗೆ ಸಮತಟ್ಟು ನಿಲುಗಡೆ ಬೇಕು.

ಕಾಲುವೆಯೊಳಗೆ ನೀರಿನ ಹತ್ತಿರ ಸಾಗುವ ಕೆಳದಾರಿ ಮಾಡುವುದಾದರೆ, ಹೊರಬರುವ ಮೆಟ್ಟಿಲು 200 ಮೀಟರಿಗೊಂದು ಇರಲೇಬೇಕು. ನೀರಿನ ಮಟ್ಟ ಅಳೆಯುವ ಸೆನ್ಸರನ್ನು 4 ಕಿಲೋಮೀಟರ್ ಮೇಲೆ ಇಟ್ಟರೂ, ಸೆಕೆಂಡಿಗೆ 2 ಮೀಟರ್ ವೇಗದ ನೀರು ತಲುಪಲು ಅರ್ಧ ಗಂಟೆ ಸಾಕು. ನಡುವೆಯೇ ಮಳೆ ಸುರಿದರೆ ಅಷ್ಟೂ ಸಮಯ ಸಿಗದು. ಕಲ್ಲಾಂಗ್ ದಂಡೆಯಲ್ಲಿ ಸೈರನ್, ಎಚ್ಚರಿಕೆ ದೀಪ, ಧ್ವನಿ ಪ್ರಕಟಣೆ ಮೂರೂ ಇವೆ. ನಮ್ಮಲ್ಲಿ ಅದರ ಜೊತೆಗೆ ಗೇಟು ಮುಚ್ಚುವ ಕಾವಲುಗಾರನೂ ಬೇಕು, ರಾತ್ರಿ ಪಾಳಿಗೂ ಬೇಕು. ದೀಪದ ಕಂಬದ ವೈರು ಜೋಡಣೆ ಪೆಟ್ಟಿಗೆ ನೆರೆಯ ಗೆರೆಗಿಂತ ಮೇಲಿರಲಿ, ಪ್ರತಿ ಸಾಲಿಗೂ 30 ಮಿಲಿಆಂಪಿಯರಿನ ಕರೆಂಟ್ ಸೋರಿಕೆ ತಡೆ ಸ್ವಿಚ್ ಹಾಕಿ, ತಿಂಗಳಿಗೊಮ್ಮೆ ಅದರ ಗುಂಡಿ ಒತ್ತಿ ನೋಡಿ. ಈ ಖರ್ಚಿನಲ್ಲಿ ಕೈ ಬಿಗಿ ಹಿಡಿಯುವವರ ಜೊತೆ ಜಗಳವಾಡಲೇಬೇಕು, ಅದು ಜೀವದ ಪ್ರಶ್ನೆ.

ಗಿಡಗಳಲ್ಲಿ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ ನೀರಿಗೆ ಒಗ್ಗಿದವು. ಗೋಡೆಯಿಂದ ಕನಿಷ್ಠ 2 ಮೀಟರ್ ದೂರ ನೆಡಿ, ಅತ್ತಿಯನ್ನು ಇನ್ನೂ ದೂರ. ಕಲ್ಲಿನ ಸಂದಿಯಲ್ಲಿ ತಾನಾಗಿ ಹುಟ್ಟುವ ಅರಳಿ, ಆಲದ ಸಸಿಯನ್ನು ಬೆರಳುದ್ದ ಇರುವಾಗಲೇ ಬೇರುಸಹಿತ ಕೀಳಬೇಕು. ಬರೀ ಕತ್ತರಿಸಿದರೆ ಬೇರು ದಪ್ಪಗಾಗುತ್ತ ಕಲ್ಲನ್ನು ಹೊರಕ್ಕೆ ತಳ್ಳುತ್ತದೆ. ಇಳಿಜಾರು ದಂಡೆಗೆ ಲಾವಂಚದಷ್ಟು ನಂಬಿಕೆಯ ಹುಲ್ಲು ಬೇರೆ ಇಲ್ಲ: ಬುಡಕ್ಕೆ ಮೂರು ಕಡ್ಡಿ, 10ರಿಂದ 15 ಸೆಂಟಿಮೀಟರ್ ಅಂತರ, ಒಂದು ಮೀಟರ್ ಎತ್ತರಕ್ಕೊಂದು ಅಡ್ಡಸಾಲು, ನಡುವೆ ತೆಂಗಿನ ನಾರಿನ ಚಾಪೆ. ಆದರೆ ಲಾವಂಚಕ್ಕೆ ಪೂರ್ತಿ ಬಿಸಿಲು ಬೇಕು, ಹೊಂಗೆಯ ನೆರಳಿನಲ್ಲಿ ಅದು ಸೊರಗುತ್ತದೆ. ಜೂನ್ ಮೊದಲ ವಾರಗಳಲ್ಲಿ ನೆಟ್ಟರೆ ಸೆಪ್ಟೆಂಬರಿನ ಜೋರು ಮಳೆಯ ಹೊತ್ತಿಗೆ ಬೇರು ಹಿಡಿದಿರುತ್ತದೆ. ಆಗಸ್ಟಿನಲ್ಲಿ ನೆಟ್ಟದ್ದು ಕೊಚ್ಚಿಹೋಗುತ್ತದೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತುಹಾಕಿ.

ಕಸ ತಡೆಯುವ ಕಂಬಿ ಜಾಲರಿಯನ್ನು ಪಕ್ಕದ ಚರಂಡಿಗಳ ಬಾಯಲ್ಲಿ ಓರೆಯಾಗಿ ನಿಲ್ಲಿಸಿ. ಅದು ಪೂರ್ತಿ ಕಟ್ಟಿಕೊಂಡರೂ ನೀರು ಮೇಲಿಂದ ಹಾರಿ ಹೋಗಲು ಎಡೆಯಿರಬೇಕು, ಇಲ್ಲದಿದ್ದರೆ ಜಾಲರಿಯೇ ಬೀದಿಯನ್ನು ಮುಳುಗಿಸುತ್ತದೆ. ಪ್ರತಿ ಮಳೆಯ ಮರುದಿನ ಶುಚಿ ಮಾಡುವವರ ಹೆಸರು ಪಟ್ಟಿಯಲ್ಲಿರಬೇಕು, ಅವರಿಗೆ ಕೈಗವಸು, ಬೂಟು, ಉದ್ದ ಹಿಡಿಯ ಕುಂಟೆ ಕೊಟ್ಟಿರಬೇಕು.

ಈಗ ಹೂಳು. ಒಂದು ಕಿಲೋಮೀಟರ್ ಉದ್ದ, 6 ಮೀಟರ್ ಅಗಲದ ಕಾಲುವೆಯಲ್ಲಿ 30 ಸೆಂಟಿಮೀಟರ್ ಹೂಳು ತುಂಬಿದರೆ 1,800 ಘನ ಮೀಟರ್. 6 ಘನ ಮೀಟರ್ ಹಿಡಿಯುವ ಟಿಪ್ಪರಿಗೆ 300 ಲೋಡು. ಇದನ್ನು ತೆಗೆಯಲು ಹಿಟಾಚಿ ಕಾಲುವೆಗೆ ಇಳಿಯಲೇಬೇಕು. ಯೋಜನೆಯಲ್ಲಿ ಇಳಿಯುವ ದಾರಿ ಇಲ್ಲದಿದ್ದರೆ ರೇಲಿಂಗ್ ಒಡೆದು, ಹೂವಿನ ಗಿಡ ತುಳಿದು ಇಳಿಯುತ್ತದೆ, ಪ್ರತಿ ವರ್ಷವೂ. ಆದ್ದರಿಂದ 500 ಮೀಟರಿಗೊಂದು, 4 ಮೀಟರ್ ಅಗಲದ, 8ಕ್ಕೆ 1 ಇಳಿಜಾರಿನ ಗಟ್ಟಿ ರ‍್ಯಾಂಪ್ ಕಟ್ಟಿ. ಅಲ್ಲಿ ರೇಲಿಂಗ್ ಕಳಚಿಡುವಂತಿರಲಿ, ಪಕ್ಕದಲ್ಲಿ ಹಸಿ ಹೂಳು ಎರಡು ದಿನ ನೀರು ಬಸಿಯಲು ಕಟ್ಟೆ ಇರಲಿ. ತೆಗೆದ ಹೂಳನ್ನು ದಂಡೆಯ ಮೇಲೆ ಗುಡ್ಡೆ ಹಾಕಿ ಬಿಟ್ಟರೆ ಮುಂಗಾರಿಗೂ ಮೊದಲಿನ ಏಪ್ರಿಲ್-ಮೇ ಮಳೆಗೇ ಅದು ವಾಪಸ್ ಕಾಲುವೆಗೆ ಇಳಿಯುತ್ತದೆ, ಬಿಲ್ಲು ಮಾತ್ರ ಪಾಸಾಗಿರುತ್ತದೆ.

ಬಿಲ್ಲಿನ ವಿಷಯಕ್ಕೆ ಒಂದೇ ಪರಿಹಾರ ನನಗೆ ಕಾಣುತ್ತದೆ. ಪ್ರತಿ 100 ಮೀಟರಿಗೆ ಗೋಡೆಯ ಮೇಲೆ ತಳದಿಂದ ಎಣಿಸಿದ ಅಳತೆಪಟ್ಟಿ ಬರೆಸಿ. ಹೂಳೆತ್ತುವ ಮೊದಲೂ ಎತ್ತಿದ ಮೇಲೂ ಬಡಾವಣೆಯ ಇಬ್ಬರ ಎದುರು ಓದಿ ಬರೆದುಕೊಳ್ಳಿ, ಹಣವನ್ನು ಆ ವ್ಯತ್ಯಾಸದ ಮೇಲೆ ಕೊಡುವಂತೆ ಟೆಂಡರಿನಲ್ಲೇ ಹಾಕಿಸಿ. ನಿರ್ವಹಣೆಯ ಗುತ್ತಿಗೆ ಕಟ್ಟುವ ಗುತ್ತಿಗೆಯಿಂದ ಬೇರೆಯಾಗಿರಲಿ, ಕನಿಷ್ಠ ಮೂರು ವರ್ಷದ್ದಾಗಿರಲಿ. ನವೆಂಬರಿನ ಕೊನೆಗೆ, ಮಳೆ ಬಿಟ್ಟ ಮೇಲೆ, ಇನ್ನೊಮ್ಮೆ ಓದಿ. ಯಾವ ಅಳತೆಪಟ್ಟಿಯ ಬಳಿ ಹೂಳು ಹೆಚ್ಚು ಕೂತಿದೆಯೋ ಅದರ ಮೇಲ್ಗಡೆಯ ಚರಂಡಿ ಹಿಡಿದು ಹೋದರೆ ಸಾಮಾನ್ಯವಾಗಿ ಒಂದು ಕಟ್ಟಡ ಕಾಮಗಾರಿಯೋ, ಮಣ್ಣು ಸುರಿದ ಖಾಲಿ ಸೈಟೋ ಸಿಗುತ್ತದೆ, ಮುಂದಿನ ವರ್ಷದ ಕೆಲಸ ಅಲ್ಲಿಂದ ಶುರು ಮಾಡಬೇಕು.