ಖರ್ಗೆ ಚುನಾವಣಾ ಪಟ್ಟಿ: 1972ರಿಂದ 2019ರವರೆಗಿನ ಕೆಲಸ ಎಲ್ಲಿಗೆ ಬಂತು

ಮಲ್ಲಿಕಾರ್ಜುನ ಖರ್ಗೆಯವರ ಚುನಾವಣಾ ಇತಿಹಾಸವನ್ನು ಒಂದೇ ಶೀಟಿಗೆ ತರುವ ಕೆಲಸದಲ್ಲಿ ವಿಧಾನಸಭೆಯ ಒಂಬತ್ತು ಸಾಲು, ಲೋಕಸಭೆಯ ಮೂರು ಸಾಲು ಈಗ ಗಟ್ಟಿಯಾಗಿ ನಿಂತಿವೆ. ಗುರುಮಠಕಲ್‌ನಿಂದ 1972, 1978, 1983, 1985, 1989, 1994, 1999, 2004. ಚಿತ್ತಾಪುರದಿಂದ 2008. ಗುಲ್ಬರ್ಗ ಲೋಕಸಭಾ ಕ್ಷೇತ್ರದಿಂದ 2009, 2014, 2019. ಮೊದಲ ಹನ್ನೊಂದೂ ಗೆಲುವು, ಹನ್ನೆರಡನೆಯದು ಸೋಲು. ‘ಸೋಲಿಲ್ಲದ ಸರದಾರ’ ಎಂದು ಜನ ಕರೆದದ್ದು ಆ ಹನ್ನೊಂದಕ್ಕೆ.

ಹನ್ನೆರಡು ಸಾಲಿನ ಪಟ್ಟಿ ಒಂದು ಸಂಜೆಯಲ್ಲಿ ಮುಗಿಯಬೇಕಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಮುಗಿಯುವುದಿಲ್ಲ. ಈ ಹನ್ನೆರಡು ಸ್ಪರ್ಧೆಗಳು ನಡೆದದ್ದು ಕ್ಷೇತ್ರ ಗಡಿಗಳ ಮೂರು ಬೇರೆ ಬೇರೆ ನಕ್ಷೆಗಳ ಮೇಲೆ. ನಕ್ಷೆಯ ಕಾಲಂ ಇಲ್ಲದೆ ಮತದ ಕಾಲಂ ತುಂಬಿದರೆ ಪಟ್ಟಿ ನೋಡಲು ಚೆಂದ ಕಾಣುತ್ತದೆ, ಹೇಳುವುದು ಮಾತ್ರ ತಪ್ಪು.

ನಕ್ಷೆಯ ಕಾಲಂ

1972ರ ಚುನಾವಣೆ ನಡೆದಾಗ ರಾಜ್ಯದ ಹೆಸರು ಮೈಸೂರು, ವಿಧಾನಸಭೆಯ ಸ್ಥಾನ 216. ‘ಕರ್ನಾಟಕ’ ಆದದ್ದು 1973ರ ನವೆಂಬರ್ 1ರಂದು. ಆದ್ದರಿಂದ ಚುನಾವಣಾ ಆಯೋಗದ ಸಾಂಖ್ಯಿಕ ವರದಿಗಳಲ್ಲಿ 1972ರದ್ದನ್ನು ಕರ್ನಾಟಕದ ಹೆಸರಿನಡಿ ಹುಡುಕಿದರೆ ಸಿಗದು, ಮೈಸೂರು ಎಂದೇ ಹುಡುಕಬೇಕು. 1971ರ ಜನಗಣತಿ ಆಧರಿಸಿದ ಪುನರ್ವಿಂಗಡಣೆಯಿಂದ (ಕ್ಷೇತ್ರಗಳ ಗಡಿ ಹೊಸದಾಗಿ ಎಳೆಯುವುದು) ಸ್ಥಾನಗಳು 224 ಆದವು. 1978ರಿಂದ 2004ರವರೆಗಿನ ಏಳು ಚುನಾವಣೆ ಆ ನಕ್ಷೆಯ ಮೇಲೆ ನಡೆದವು. 2001ರ ಜನಗಣತಿಯ ಲೆಕ್ಕದ ಮೂರನೇ ನಕ್ಷೆ 2008ರಲ್ಲಿ ಜಾರಿಗೆ ಬಂತು. ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು, ಚಿತ್ತಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಖರ್ಗೆ ಕ್ಷೇತ್ರ ಬದಲಿಸಿದ್ದರ ಹಿನ್ನೆಲೆ ಇದು.

ಹೀಗಾಗಿ ಶೀಟಿನಲ್ಲಿ ‘ನಕ್ಷೆ’ ಎಂಬ ಕಾಲಂಗೆ 1, 2, 3 ಎಂದು ಅಂಕಿ ಕೊಟ್ಟಿದ್ದೇವೆ. ಗೆಲುವಿನ ಅಂತರ ಹೋಲಿಸುವ ಸೂತ್ರ ಒಂದೇ ನಕ್ಷೆಯ ಸಾಲುಗಳಿಗೆ ಮಾತ್ರ ಓಡುತ್ತದೆ. 1972ರ ಅಂತರ ಮತ್ತು 1978ರ ಅಂತರವನ್ನು ಪಕ್ಕಪಕ್ಕ ಇಟ್ಟು ‘ಏರಿತು, ಇಳಿಯಿತು’ ಎನ್ನುವುದು ಸರಿಯಲ್ಲ. ಊರ ಹೆಸರು ಅದೇ ಇದ್ದರೂ ಗಡಿ ಬೇರೆ, ಮತದಾರರು ಬೇರೆ.

ಕ್ಷೇತ್ರ ಸಂಖ್ಯೆಯನ್ನು ನಂಬಿ ಸಾಲುಗಳನ್ನು ಜೋಡಿಸಬಾರದು. ಈಗಿನ ನಕ್ಷೆಯಲ್ಲಿ ಗುರುಮಠಕಲ್ 39, ಚಿತ್ತಾಪುರ 40. ಹಳೆಯ ವರದಿಗಳ ಕ್ರಮಸಂಖ್ಯೆ ಬೇರೆ. ಜಿಲ್ಲೆಯ ಕಾಲಮ್ಮಿನಲ್ಲೂ ಇದೇ ತೊಡಕು: ಗುರುಮಠಕಲ್ ಇಂದು ಯಾದಗಿರಿ ಜಿಲ್ಲೆಯಲ್ಲಿದೆ, ಆದರೆ ಅಲ್ಲಿ ಖರ್ಗೆ ಗೆದ್ದ ಎಂಟೂ ಸಲ ಯಾದಗಿರಿ ಜಿಲ್ಲೆಯೇ ಇರಲಿಲ್ಲ, ಅದು ಗುಲ್ಬರ್ಗ ಜಿಲ್ಲೆ. ನಗರದ ಹೆಸರು 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಲೋಕಸಭಾ ಕ್ಷೇತ್ರದ ಅಧಿಕೃತ ಹೆಸರು ಗುಲ್ಬರ್ಗ ಎಂದೇ ಇರುವುದರಿಂದ ಮೂರೂ ಲೋಕಸಭಾ ಸಾಲಿನಲ್ಲಿ ಅದನ್ನೇ ಉಳಿಸಿದ್ದೇವೆ.

ಅವಧಿಯ ಲೆಕ್ಕ

ಒಂಬತ್ತು ಸಲ ಶಾಸಕ ಎಂದ ಕೂಡಲೇ ಒಂಬತ್ತೈದ್ಲಿ ನಲವತ್ತೈದು ವರ್ಷ ಎಂದು ಬರೆದವರಿದ್ದಾರೆ. 5ನೇ ವಿಧಾನಸಭೆಯಿಂದ 13ನೇ ವಿಧಾನಸಭೆಯವರೆಗೆ ಎಣಿಸಿದರೆ ಒಂಬತ್ತು ಸರಿ. ಕಾಲ ಮಾತ್ರ 1972ರಿಂದ 2009, ಅಂದರೆ 37 ವರ್ಷ, ಅದೂ ಅಖಂಡವಲ್ಲ. ಅವಧಿಗೆ ಮೊದಲೇ ವಿಸರ್ಜನೆಯಾದ ಸಭೆಗಳು ಇದರಲ್ಲಿ ಹಲವು. 1977ರ ಕೊನೆಯಲ್ಲಿ ರಾಷ್ಟ್ರಪತಿ ಆಳ್ವಿಕೆ, 1978ರ ಫೆಬ್ರುವರಿಯಲ್ಲಿ ಚುನಾವಣೆ. 1983ರಲ್ಲಿ ಗೆದ್ದ ಸಭೆ ಎರಡೇ ವರ್ಷಕ್ಕೆ ವಿಸರ್ಜನೆಯಾಗಿ 1985ರ ಮಾರ್ಚ್‌ನಲ್ಲಿ ಮತ್ತೆ ಮತದಾನ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ, ಚುನಾವಣೆ ನವೆಂಬರ್‌ನಲ್ಲಿ. ನಡುವಿನ ಏಳು ತಿಂಗಳು ರಾಜ್ಯದಲ್ಲಿ ಶಾಸಕರೇ ಇಲ್ಲ. 2007ರ ನವೆಂಬರ್‌ನಿಂದ 2008ರ ಮೇವರೆಗೆ ಇನ್ನೊಂದು ಖಾಲಿ ಜಾಗ.

ಇದಕ್ಕೆ ಒಂದು ಸಾಲಿಗೆ ಎರಡು ದಿನಾಂಕ ಬೇಕು: ಸಭೆ ರಚನೆಯಾದ ದಿನ, ವಿಸರ್ಜನೆಯಾದ ದಿನ. ವರ್ಷ ಮಾತ್ರ ಹಾಕಿದರೆ ಸೂತ್ರ 1989ರ ಆ ಏಳು ತಿಂಗಳನ್ನೂ ನುಂಗಿ ಕೂಡಿಸುತ್ತದೆ. 2008ರ ಸಾಲಿಗೆ ಮುಕ್ತಾಯದ ದಿನವಾಗಿ ವಿಸರ್ಜನೆಯ ದಿನವಲ್ಲ, ಶಾಸಕ ಸ್ಥಾನ ತೆರವಾದ ದಿನ ಬರಬೇಕು. ಎರಡು ಸದನಕ್ಕೆ ಏಕಕಾಲದಲ್ಲಿ ಸದಸ್ಯರಾಗಿ ಇರುವಂತಿಲ್ಲ, ಲೋಕಸಭೆಗೆ ಆಯ್ಕೆಯಾದವರು 14 ದಿನದೊಳಗೆ ವಿಧಾನಸಭೆ ಬಿಡಬೇಕು. ಹಾಗೆ ತೆರವಾದ ಚಿತ್ತಾಪುರದಲ್ಲಿ ಅದೇ ವರ್ಷ ಉಪಚುನಾವಣೆ ನಡೆದು ಪ್ರಿಯಾಂಕ್ ಖರ್ಗೆ ಬಿಜೆಪಿಯ ವಾಲ್ಮೀಕಿ ನಾಯಕ್ ಎದುರು ಸೋತರು. ಅದು ತಂದೆಯ ಸಾಲಿಗೆ ಸೇರಿದ್ದಲ್ಲ, ಆದರೂ ಕ್ಷೇತ್ರದ ಟಿಪ್ಪಣಿಯಲ್ಲಿ ಇರಲೇಬೇಕು. ಗೆಲುವು ವ್ಯಕ್ತಿಯದೋ ಕ್ಷೇತ್ರದ್ದೋ ಎಂಬ ಪ್ರಶ್ನೆಗೆ ಅಷ್ಟು ನೇರವಾದ ಪುರಾವೆ ಈ ಪಟ್ಟಿಯಲ್ಲಿ ಬೇರೆಲ್ಲೂ ಇಲ್ಲ.

ರಾಜ್ಯದ ಗಾಳಿ

1978ರಿಂದ ಪ್ರತಿ ವಿಧಾನಸಭಾ ಸಾಲಿನ ಪಕ್ಕ ಆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಬಂದ ಒಟ್ಟು ಸ್ಥಾನ ಹಾಕಿದ್ದೇವೆ. 1978ರಲ್ಲಿ 149, 1983ರಲ್ಲಿ 82, 1985ರಲ್ಲಿ 65, 1989ರಲ್ಲಿ 178, 1994ರಲ್ಲಿ 34, 1999ರಲ್ಲಿ 132, 2004ರಲ್ಲಿ 65, 2008ರಲ್ಲಿ 80. ಈ ಒಂದು ಕಾಲಂ ಬಂದ ಮೇಲೆಯೇ ಪಟ್ಟಿಗೆ ಜೀವ ಬಂತು. 1989ರಲ್ಲಿ ಗೆಲ್ಲುವುದು ದೊಡ್ಡ ಮಾತಲ್ಲ, ಗೆದ್ದವರು 178 ಮಂದಿ. 1994ರಲ್ಲಿ ಉಳಿದ 34ರಲ್ಲಿ ಒಬ್ಬರಾಗುವುದೇ ಬೇರೆ.

1994ರ ಸಾಲಿನಲ್ಲಿ ಹುದ್ದೆಯ ಕಾಲಂ ತುಂಬುವಾಗ ಎಚ್ಚರ ಬೇಕು. ಆ ಸಭೆಯಲ್ಲಿ ಬಿಜೆಪಿ 40, ಕಾಂಗ್ರೆಸ್ 34. ವಿರೋಧ ಪಕ್ಷದ ನಾಯಕರಾಗಿ ಮೊದಲು ಕೂತವರು ಯಡಿಯೂರಪ್ಪ; ಖರ್ಗೆ ಆ ಸ್ಥಾನಕ್ಕೆ ಬಂದದ್ದು 1996ರಲ್ಲಿ. ಚುನಾವಣೆಯ ವರ್ಷವನ್ನೇ ಹುದ್ದೆಯ ವರ್ಷವೆಂದು ಎಳೆದು ಹಾಕಿದ ಪರಿಚಯ ಲೇಖನಗಳು ಬಹಳ. ಹುದ್ದೆಗಳಿಗೆ ಪ್ರತ್ಯೇಕ ಶೀಟ್ ಮಾಡಿ ಸಾಲಿನ ಗುರುತಿನಿಂದ ಜೋಡಿಸಿದರೆ ಈ ತಪ್ಪು ತಾನಾಗಿ ತಪ್ಪುತ್ತದೆ. 1980ರಲ್ಲಿ ಗುಂಡೂರಾವ್ ಸಂಪುಟದ ಕಂದಾಯ, 1999ರಲ್ಲಿ ಎಸ್.ಎಂ. ಕೃಷ್ಣ ಸಂಪುಟದ ಗೃಹ, 2008ರಲ್ಲಿ ಮತ್ತೆ ವಿರೋಧ ಪಕ್ಷದ ನಾಯಕತ್ವ ಎಲ್ಲವೂ ಅಲ್ಲಿವೆ.

ಪಕ್ಷದ ಕಾಲಂ ಸಣ್ಣದು, ಆದರೆ ಜಾರುತ್ತದೆ. 1978ರಲ್ಲಿ ಇದ್ದದ್ದು ಕಾಂಗ್ರೆಸ್ (ಐ), ಅಂದರೆ ಇಂದಿರಾ ಬಣ. ಅದನ್ನು ಹಾಗೆಯೇ ಬರೆದು, ಪಕ್ಕದಲ್ಲಿ ‘ಪಕ್ಷ ಕುಟುಂಬ’ ಎಂಬ ಇನ್ನೊಂದು ಕಾಲಂ ಇಟ್ಟು ಅಲ್ಲಿ ಕಾಂಗ್ರೆಸ್ ಎಂದು ಹಾಕಬೇಕು.

ಅಂಕಿ ಎತ್ತುವಾಗ ಆಗುವ ಎಡವಟ್ಟು

1989, 1999, 2004ರಲ್ಲಿ ವಿಧಾನಸಭೆ ಮತ್ತು ಲೋಕಸಭೆ ಒಟ್ಟಿಗೇ ನಡೆದವು. ಲೋಕಸಭೆಯ ಫಲಿತಾಂಶದಲ್ಲೂ ವಿಧಾನಸಭಾ ಕ್ಷೇತ್ರವಾರು ಅಂಕಿ ಇರುವುದರಿಂದ ‘ಗುರುಮಠಕಲ್’ ಎಂದು ಕಂಡದ್ದನ್ನೆಲ್ಲ ಎತ್ತಿದರೆ ಎರಡು ಚುನಾವಣೆ ಬೆರೆಯುತ್ತವೆ. ಅಭ್ಯರ್ಥಿಯ ಹೆಸರು ನೋಡಿಯೇ ಸಾಲು ತೆಗೆದುಕೊಳ್ಳಿ. ಹೆಸರೂ ಒಂದೇ ರೂಪದಲ್ಲಿರುವುದಿಲ್ಲ, ಖರ್ಗೆ ಎಂಬುದು ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹಾಗಾಗಿ ‘ಖರ್ಗೆ’ ಮಾತ್ರ ಹಾಕಿ ಹುಡುಕುವುದು ಸುರಕ್ಷಿತ.

1985ರಿಂದ 1989ಕ್ಕೆ ಮತದಾರರ ಸಂಖ್ಯೆ ಏರಿದ್ದು ಜನಸಂಖ್ಯೆಯಿಂದ ಮಾತ್ರವಲ್ಲ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. 1999ರವರೆಗಿನ ಸಾಲುಗಳಿಗೆ ತಿರಸ್ಕೃತ ಮತದ ಕಾಲಂ ತಪ್ಪದೆ ಬೇಕು. 2004ರಲ್ಲಿ ರಾಜ್ಯದ ಎಲ್ಲ ಕಡೆ ಇವಿಎಂ ಬಂದ ಮೇಲೆ ಮತಪತ್ರ ಉಳಿದದ್ದು ಅಂಚೆ ಮತಕ್ಕಷ್ಟೇ. ನೋಟಾ ಬಂದದ್ದು 2013ರ ಸೆಪ್ಟೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಆದ್ದರಿಂದ ಈ ಪಟ್ಟಿಯಲ್ಲಿ ನೋಟಾ ಇರುವುದು 2014 ಮತ್ತು 2019ಕ್ಕೆ ಮಾತ್ರ. ಹಿಂದಿನ ಸಾಲುಗಳಲ್ಲಿ ಆ ಸೆಲ್ ಖಾಲಿ ಬಿಡಬೇಕು, ಸೊನ್ನೆ ಹಾಕಬಾರದು.

ಅಂಚೆ ಮತದ್ದು ಪ್ರತ್ಯೇಕವಾಗಿ ಹೇಳಬೇಕಾದ ವಿಷಯ. ಗುಲ್ಬರ್ಗ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ: ಅಫಜಲಪುರ, ಜೇವರ್ಗಿ, ಗುರುಮಠಕಲ್, ಚಿತ್ತಾಪುರ, ಸೇಡಂ, ಗುಲ್ಬರ್ಗ ಗ್ರಾಮೀಣ, ದಕ್ಷಿಣ, ಉತ್ತರ. ಎಂಟರ ಇವಿಎಂ ಮತ ಕೂಡಿಸಿದರೆ ಘೋಷಿತ ಮೊತ್ತಕ್ಕಿಂತ ಕಡಿಮೆ ಬರುತ್ತದೆ. ತಪ್ಪಾಯಿತೆಂದು ಮತ್ತೆ ಮತ್ತೆ ಕೂಡಿಸಬೇಕಿಲ್ಲ. ಫಾರಂ 20ರ (ಮತಗಟ್ಟೆವಾರು ಮತಗಳ ಅಂತಿಮ ಫಲಿತಾಂಶ ಪತ್ರ) ಕೊನೆಯಲ್ಲಿ ಅಂಚೆ ಮತದ ಸಾಲು ಬೇರೆ ಇರುತ್ತದೆ, ಅದನ್ನು ಸೇರಿಸಿದರೆ ಹೊಂದುತ್ತದೆ. ಇಷ್ಟು ಕಡಿಮೆ ಮತ ಲೆಕ್ಕಕ್ಕೆ ಬರುವುದಿಲ್ಲ ಎನ್ನುವವರು ನಮ್ಮ ಬೆಂಗಳೂರಿನ ಜಯನಗರವನ್ನು ನೋಡಬೇಕು: 2023ರಲ್ಲಿ ಅಲ್ಲಿನ ಅಂತರ 16 ಮತ, 57,797ಕ್ಕೆ ಎದುರು 57,781.

ಕನ್ನಡ ದಾಖಲೆಗಳಲ್ಲಿ ಇನ್ನೊಂದು ತಲೆನೋವು ಫಾಂಟ್. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆದ ಕಡತದಿಂದ ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬೀಳುತ್ತವೆ. ಯುನಿಕೋಡ್‌ಗೆ ಪರಿವರ್ತಿಸಿಯೇ ಅಂಟಿಸಬೇಕು. ಸ್ಕ್ಯಾನ್ ಪ್ರತಿಯನ್ನು ಓಸಿಆರ್‌ಗೆ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಕೊಟ್ಟರೆ ‘೦’ ಎಂಬ ಸೊನ್ನೆ ‘ಂ’ ಎಂಬ ಅನುಸ್ವಾರವಾಗಿ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಶೀಟಿಗೆ ಮಾತ್ರ ಅದು ಅಂಕಿಯಲ್ಲ, ಪಠ್ಯ. ಹಾಗಾದ ಸೆಲ್ಲನ್ನು ಮೊತ್ತದ ಸೂತ್ರ ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಅಂಕಿ ಕಾಲಂಗಳನ್ನು ‘ಸಂಖ್ಯೆ ಮಾತ್ರ’ ಎಂದು ಮೊದಲೇ ಬಿಗಿ ಮಾಡಿಟ್ಟರೆ ಅಂಥ ಸೆಲ್ ಕೂಡಲೇ ಕೆಂಪಾಗುತ್ತದೆ.

ಲೋಕಸಭೆಯ ಮೂರು ಸಾಲು

ಇಲ್ಲಿ ನಕ್ಷೆ ಒಂದೇ, ಹೋಲಿಕೆ ನ್ಯಾಯವಾದದ್ದು. 2009ರಲ್ಲಿ ಖರ್ಗೆ 3,45,241, ಬಿಜೆಪಿಯ ರೇವೂ ನಾಯಕ ಬೆಳಮಗಿ 3,31,837, ಅಂತರ 13,404. 2014ರಲ್ಲಿ ಅದೇ ಎದುರಾಳಿ: 5,07,193ಕ್ಕೆ 4,32,460, ಅಂತರ 74,733. 2019ರಲ್ಲಿ ಉಮೇಶ ಜಾಧವ್ 6,20,192, ಖರ್ಗೆ 5,24,740. ಸೋಲು 95,452 ಮತದಿಂದ. ಜಾಧವ್ ಅಲ್ಲಿಯವರೆಗೆ ಚಿಂಚೋಳಿಯ ಕಾಂಗ್ರೆಸ್ ಶಾಸಕರು. ಆ ಚಿಂಚೋಳಿ ಈ ಲೋಕಸಭಾ ಕ್ಷೇತ್ರದೊಳಗೇ ಇಲ್ಲ, ಬೀದರ್‌ಗೆ ಸೇರಿದ್ದು.

‘ಬದಲಾವಣೆ’ ಕಾಲಂ ಹಾಕಿದಾಗ ಕಂಡದ್ದು ಇದು: ಸೋತ 2019ರಲ್ಲಿ ಖರ್ಗೆಯವರಿಗೆ ಗೆದ್ದ 2014ಕ್ಕಿಂತ 17,547 ಮತ ಹೆಚ್ಚೇ ಬಂದಿವೆ. ಎದುರಿನ ಬಿಜೆಪಿಗೆ ಹೆಚ್ಚಿದ್ದು 1,87,732. ‘ಖರ್ಗೆ ಮತ ಕುಸಿಯಿತು’ ಎಂಬ ಮಾತು ಅಂಕಿಯ ಎದುರು ನಿಲ್ಲುವುದಿಲ್ಲ. ಇದ್ದ ಮತ ಉಳಿಯಿತು, ಬೆಳೆದ ಮತ ಇನ್ನೊಂದು ಕಡೆ ಹೋಯಿತು. ಇಬ್ಬರ ನಡುವಿನ ಪಾಲು ತೆಗೆದರೆ ಖರ್ಗೆ 2009ರಲ್ಲಿ ಶೇ 50.99, 2014ರಲ್ಲಿ 53.98, 2019ರಲ್ಲಿ 45.83. ಅಂತರದ ಜೊತೆ ಈ ಪಾಲಿನ ಕಾಲಂ ಇಟ್ಟರೆ ಓದುವವರಿಗೆ ಚಿತ್ರ ಸರಿಯಾಗಿ ಸಿಗುತ್ತದೆ.

2020ರ ರಾಜ್ಯಸಭೆ ಪ್ರತ್ಯೇಕ ಶೀಟಿನಲ್ಲಿದೆ. ಅದು ಅವಿರೋಧ ಆಯ್ಕೆ, ಮತದ ಸೆಲ್ ಖಾಲಿ. ಸೊನ್ನೆ ಹಾಕಿದರೆ ಸರಾಸರಿ ಕೆಡುತ್ತದೆ. 2022ರ ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷ ಚುನಾವಣೆಯ 7,897 ಮತ (ಶಶಿ ತರೂರ್ 1,072, ತಿರಸ್ಕೃತ 416) ಪಕ್ಷದ ಒಳಗಿನದು, ಟಿಪ್ಪಣಿಗೆ ಸೀಮಿತ.

ಮುಂದಿನ ಹಂತ

ಮತಗಟ್ಟೆವಾರು ಅಂಕಿ. ಚಿತ್ತಾಪುರ 2008ರಲ್ಲಿ ವಿಧಾನಸಭಾ ಕ್ಷೇತ್ರ, 2009ರಲ್ಲಿ ಅದೇ ಗಡಿಯೊಳಗೆ ಲೋಕಸಭೆಯ ಒಂದು ಭಾಗ. ಎರಡರಲ್ಲೂ ಅಭ್ಯರ್ಥಿ ಖರ್ಗೆ. ಇಡೀ ಪಟ್ಟಿಯಲ್ಲಿ ವಿಧಾನಸಭೆಯಿಂದ ಲೋಕಸಭೆಗೆ ನೇರ ಹೋಲಿಕೆ ಸಾಧ್ಯವಿರುವುದು ಇಲ್ಲಿ ಮಾತ್ರ. ಎರಡೂ ವರ್ಷದ ಫಾರಂ 20 ಎದುರುಬದುರು ಇಟ್ಟು, ಮತಗಟ್ಟೆ ಸಂಖ್ಯೆಯಿಂದಲ್ಲ, ಊರು ಮತ್ತು ಶಾಲೆಯ ಹೆಸರಿನಿಂದ ಜೋಡಿಸುತ್ತೇವೆ. ಒಂದು ಹೆಚ್ಚುವರಿ ಮತಗಟ್ಟೆ ನಡುವೆ ಸೇರಿದರೂ ಅದರ ಕೆಳಗಿನ ಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಸರಿದಿರುತ್ತವೆ.