ಎಡದ್ದೋ, ಬಲದ್ದೋ

ಧ್ಯೇಯೋದ್ದೇಶಗಳನ್ನು ಬರೆಯುವ ಕೆಲಸ ನನ್ನ ತಲೆಗೆ ಬಂದಿತ್ತು. ಮೈಸೂರಿನಲ್ಲಿ ಹಳೆಯ ಕಾರು ಇಟ್ಟುಕೊಂಡಿರುವ ಹನ್ನೊಂದು ಮನೆಯವರು ತಿಂಗಳಿಗೊಂದು ಭಾನುವಾರ ಎಲ್ಲಿಗಾದರೂ ಹೋಗಿ ಸಂಜೆಗೆ ಮರಳುವ ಗುಂಪು ನಮ್ಮದು. ಆರು ವರ್ಷ ಅದು ಹೆಸರೇ ಇಲ್ಲದೆ ನಡೆದಿತ್ತು. ನಮ್ಮಲ್ಲಿ ಒಬ್ಬರು ಲೆಕ್ಕಪರಿಶೋಧಕರು. ಯಾವುದೂ ಕಡತದಲ್ಲಿ ಇಲ್ಲದಿದ್ದರೆ ಅವರಿಗೆ ನಿದ್ದೆ ಬಾರದು. ಸಂಘ ಎಂದು ನೋಂದಾಯಿಸೋಣ, 1960ರ ಕಾಯ್ದೆಯ ಪ್ರಕಾರ ಏಳು ಜನ ಇದ್ದರೆ ಸಾಕು, ಧ್ಯೇಯೋದ್ದೇಶದ ಒಂದು ಹಾಳೆ ಬೇಕು ಎಂದರು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸುತ್ತೋಲೆ ಬರೆದವನು ನಾನು. ಎಲ್ಲರೂ ನನ್ನ ಕಡೆ ತಿರುಗಿದರು.

ಬರೆದೆ. ಮೋಟಾರು ಪರಂಪರೆಯ ಸಂರಕ್ಷಣೆ, ಯುವಪೀಳಿಗೆಯಲ್ಲಿ ಅರಿವು, ರಸ್ತೆ ಸುರಕ್ಷತೆ, ಸದಸ್ಯರ ನಡುವೆ ಸೌಹಾರ್ದ ಎಂದು ಒಂಬತ್ತು ಅಂಶಗಳು. ಮತ್ತೆ ಓದಿಕೊಂಡಾಗ ನನಗೇ ಎದೆಯುಬ್ಬಿತು. 2023ರ ನವೆಂಬರ್ ಮೊದಲ ಭಾನುವಾರ ಮೇಲುಕೋಟೆಗೆ ಹೋಗಿ, ಪುಳಿಯೋಗರೆ ತಿಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಇದನ್ನು ಓದಿ ಒಪ್ಪಿಗೆ ಪಡೆಯುವುದೆಂದು ಗೊತ್ತಾಯಿತು.

ಅದೇ ವಾರ ಮುಂಬೈನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದಿತ್ತು. ಅಕ್ಟೋಬರ್ 29ಕ್ಕೆ ಅದಕ್ಕೆ ಇಪ್ಪತ್ತು ವರ್ಷ ತುಂಬಿತು, ಅಲ್ಲಿ ಟ್ಯಾಕ್ಸಿಗಿರುವ ಆಯಸ್ಸು ಅಷ್ಟೇ. ಪತ್ರಿಕೆಗಳಲ್ಲಿ ಚಿತ್ರ ಬಂತು, ಊರಿನವರೆಲ್ಲ ನನ್ನನ್ನು ಕಂಡಲ್ಲಿ ಸಾವಿನ ಮನೆಗೆ ಬಂದವರಂತೆ ಮಾತನಾಡಿಸಿದರು. ನನ್ನದು 1982ರ ಪದ್ಮಿನಿ. ಅಪ್ಪ ಹೊಸದಾಗಿ ಕೊಂಡದ್ದು. ಕುರ್ಲಾದ ಕಾರ್ಖಾನೆಯವರು 1974ರಲ್ಲೇ ಫಿಯೆಟ್ ಹೋಗಿ ಪದ್ಮಿನಿ ಎಂದು ಹೆಸರಿಟ್ಟರೂ ಅಪ್ಪ ಸಾಯುವವರೆಗೆ ಅದನ್ನು ಫಿಯೆಟ್ ಎಂದೇ ಕರೆದರು, ನಾವೂ ಹಾಗೆಯೇ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದೆ ಮೂರು ಜನ ಕೂರುವ ಉದ್ದನೆಯ ಸೀಟು. ಕಾನೂನಿನ ಕಣ್ಣಿನಲ್ಲಿ ಇದರದು ತ್ರಿಶಂಕು ಸ್ಥಿತಿ. ಐವತ್ತು ತುಂಬಿದರೆ ವಿಂಟೇಜ್ ಎಂಬ ಮರ್ಯಾದೆ, ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ. ಅಲ್ಲಿಯವರೆಗೆ ಐದು ವರ್ಷಕ್ಕೊಮ್ಮೆ ಸಾರಿಗೆ ಕಚೇರಿಗೆ ಕರೆದೊಯ್ದು, ಇದು ಇನ್ನೂ ಬದುಕಿದೆ ಎಂದು ತೋರಿಸಿ ಬರಬೇಕು. ಮೊದಲು ಅದಕ್ಕೆ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಲ್ಲಿ 5,000 ಆಗಿತ್ತು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ಕಥೆ ಕಟ್ಟಿದಂತಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಗುಂಪಿನ ಹುಡುಗನೊಬ್ಬ ನನಗೆ ಫೋನ್ ಮಾಡಿದ್ದ. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡುವವನು, ತಾತನ 1979ರ ಪದ್ಮಿನಿಯನ್ನು ಉಳಿಸಿಕೊಂಡಿದ್ದಾನೆ. ಮುಂಬಾಗಿಲಿನ ತ್ರಿಕೋನ ಗಾಜಿದೆಯಲ್ಲ, ಗಾಳಿ ಬರಲೆಂದು ತಿರುಗಿಸುವಂಥದ್ದು, ಅದರ ಚಿಲಕ ಮುರಿದುಹೋಗಿದೆ, ನಿಮ್ಮ ಹತ್ತಿರ ಇದೆಯೇ ಸಾರ್ ಎಂದು ಕೇಳಿದ. ಇಲ್ಲ ಎಂದೆ. ಇತ್ತು. ಎರಡು ಇದ್ದವು. ಅಪ್ಪ ಯಾವಾಗಲೋ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದಿಟ್ಟದ್ದು, ಎಣ್ಣೆ ಕಾಗದದಲ್ಲಿ ಸುತ್ತಿ ಬೀರುವಿನಲ್ಲಿ ಅವರ ಆದಾಯ ತೆರಿಗೆ ಕಡತಗಳ ಕೆಳಗೆ. ನನ್ನ ಕಾರಿನ ಚಿಲಕಗಳು ಗಟ್ಟಿಮುಟ್ಟಾಗಿಯೇ ಇವೆ. ಆದರೂ ಮುಂದೆಂದಾದರೂ ಬೇಕಾದರೆ ಎಲ್ಲಿ ಸಿಗುತ್ತದೆ ಎಂಬ ಜಿಪುಣತನ ಬಾಯಿಂದ ‘ಇಲ್ಲ’ ಎಂದು ಹೇಳಿಸಿತು. ಹಳೆಯ ಕಾರಿನವರಿಗೆ ಈ ರೋಗ ಸಾಮಾನ್ಯ.

ಭಾನುವಾರ ಬೆಳಿಗ್ಗೆ ಆರಕ್ಕೆ ಬನ್ನಿಮಂಟಪದಲ್ಲಿ ಸೇರಿದೆವು. ನಾಲ್ಕು ಪದ್ಮಿನಿ, ಮೂರು ಅಂಬಾಸಿಡರ್, ಒಂದು ಜೀಪು, ಎರಡು ಮಾರುತಿ 800, ಮತ್ತು ಡಾಕ್ಟರಮ್ಮನವರ ಸ್ಟ್ಯಾಂಡರ್ಡ್ ಹೆರಾಲ್ಡ್. ಮಾರುತಿಯನ್ನು ಸೇರಿಸಿಕೊಳ್ಳಲು ಹಿಂದೆ ದೊಡ್ಡ ಜಗಳವೇ ಆಗಿತ್ತು. 1983ರಲ್ಲಿ ಬಂದು ನಮ್ಮ ಪದ್ಮಿನಿಯ ಅನ್ನ ಕಿತ್ತುಕೊಂಡದ್ದೇ ಅದು, ಅದಕ್ಕೇಕೆ ಮಣೆ ಎಂದು ನಾನೇ ಕೂಗಾಡಿದ್ದೆ. ಮೇಷ್ಟ್ರು, ಅಂದರೆ ನಿವೃತ್ತ ಭೌತಶಾಸ್ತ್ರದ ಅಧ್ಯಾಪಕರು, ಹಸಿರು ಅಂಬಾಸಿಡರಿನವರು, “ಅದಕ್ಕೂ ನಲವತ್ತು ಆಗುತ್ತಿದೆ, ಸ್ವಾಮಿ. ವಯಸ್ಸಾದ ಮೇಲೆ ಎಲ್ಲರೂ ಒಂದೇ ಜಗಲಿ” ಎಂದು ಬಾಯಿ ಮುಚ್ಚಿಸಿದ್ದರು.

ನಮ್ಮಲ್ಲಿ ಯಾವಾಗಲೂ ಅತಿ ನಿಧಾನದ ಗಾಡಿ ಮುಂದೆ ಹೋಗುತ್ತದೆ. ಅಂದರೆ ಹೆರಾಲ್ಡ್. ಡಾಕ್ಟರಮ್ಮ ನಲವತ್ತೈದು ದಾಟುವುದಿಲ್ಲ. ಅವರನ್ನು ಯಾರೂ ಹಿಂದಿಕ್ಕುವಂತಿಲ್ಲ. ಹೊಸಬರಿಗೆ ಮೊದಲ ಎರಡು ತಿಂಗಳು ಕಾಲು ತುರಿಸುತ್ತದೆ, ಆಮೇಲೆ ಒಗ್ಗಿಹೋಗುತ್ತದೆ. ಆ ವರ್ಷವೇ ತೆರೆದ ಎಕ್ಸ್‌ಪ್ರೆಸ್‌ ಹೆದ್ದಾರಿಯಲ್ಲಿ ಈ ಮೆರವಣಿಗೆಗೆ ಏನು ಕೆಲಸ? ಪಕ್ಕದ ರಸ್ತೆ ಹಿಡಿದು ಶ್ರೀರಂಗಪಟ್ಟಣ, ಅಲ್ಲಿಂದ ಪಾಂಡವಪುರದ ದಾರಿ. ಆ ಸಲ ಮಳೆ ಕೈಕೊಟ್ಟಿತ್ತು. ಕಾವೇರಿ ನೀರಿಗಾಗಿ ಮಂಡ್ಯದ ಕಡೆ ಬಂದ್ ನಡೆದು ತಿಂಗಳಷ್ಟೇ ಆಗಿತ್ತು. ಹೊಲಗಳಲ್ಲಿ ಕಬ್ಬು ಸೊಂಟದೆತ್ತರಕ್ಕೆ ನಿಂತು ಸೊರಗಿದ್ದು ಕಾಣುತ್ತಿತ್ತು.

ಪಾಂಡವಪುರ ದಾಟಿ, ಕುಂತಿ ಬೆಟ್ಟ ಹಿಂದೆ ಸರಿದ ಮೇಲೆ ನನ್ನ ಗಾಡಿ ಒಮ್ಮೆ ಬಿಕ್ಕಿತು. ಮತ್ತೊಮ್ಮೆ ಬಿಕ್ಕಿತು. ಆಮೇಲೆ ನಿಂತಿತು. ಏರ್‌ಲಾಕ್ ಎಂದುಕೊಂಡೆ. ಎಂಜಿನ್ನಿನ ಶಾಖಕ್ಕೆ ಪೆಟ್ರೋಲು ಪಂಪಿನಲ್ಲೇ ಆವಿಯಾಗಿ ಮುಂದೆ ಹೋಗದಿರುವುದು ಈ ಗಾಡಿಗಳ ಹುಟ್ಟುಗುಣ. ಅದಕ್ಕೆಂದೇ ಡಿಕ್ಕಿಯಲ್ಲಿ ಒಂದು ಹಳೆಯ ಟವೆಲು, ಒಂದು ಬಾಟಲಿ ನೀರು ಇರುತ್ತದೆ. ಟವೆಲು ನೆನೆಸಿ ಪಂಪಿನ ಮೇಲೆ ಹೊದಿಸಿ, ಪಂಡಿತನ ಗತ್ತಿನಲ್ಲಿ ಹತ್ತು ನಿಮಿಷ ನಿಂತೆ. ಚಾಲೂ ಆಯಿತು. ಒಂದು ಕಿಲೋಮೀಟರು ಹೋಯಿತು. ಮತ್ತೆ ಬಿಕ್ಕಿ ನಿಂತಿತು, ಈ ಸಲ ಒಂದು ಆಲೆಮನೆಯ ಮುಂದೆ.

ಹತ್ತು ಗಾಡಿಗಳೂ ಸಾಲಾಗಿ ಬದಿಗೆ ನಿಂತವು. “ನೀವು ನಡೆಯಿರಿ, ನಾನು ಹಿಂದಿನಿಂದ ಬರುತ್ತೇನೆ” ಎಂದೆ. ಅದು ಬರೀ ಬಾಯಿಮಾತು ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಉತ್ತರಿಸಲೂ ಇಲ್ಲ. ಮೇಷ್ಟ್ರು ತೋಳು ಮಡಚುತ್ತ ಬಂದರು. ಟವೆಲನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಇದನ್ನು ನಿಮ್ಮ ತಲೆಯ ಮೇಲೆ ಹಾಕಿಕೊಳ್ಳಿ, ಬಿಸಿಲಿದೆ” ಎಂದರು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಹುಡುಗನಿಗೆ ಕೀಲಿ ತಿರುಗಿಸಲು ಹೇಳಿ, ಒಳಗೆ ಬಗ್ಗಿ ನೋಡಿದರು. ಪಾಯಿಂಟಿನ ಎರಡು ಪುಟ್ಟ ತುದಿಗಳು ಬಿಟ್ಟುಕೊಳ್ಳುವಾಗಲೆಲ್ಲ ಅಲ್ಲೊಂದು ದಪ್ಪ ಕಿಡಿ ಚಟಪಟಿಸುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಬೆಂಕಿ ದಾರಿಯಲ್ಲೇ ಸೋರಿಹೋಗುತ್ತಿತ್ತು. “ಕಂಡೆನ್ಸರ್” ಎಂದರು, ಪಾಯಿಂಟಿನಲ್ಲಿ ಹೀಗೆ ಕಿಡಿ ಹಾರದಂತೆ ತಡೆಯಬೇಕಾದ ಪುಟ್ಟ ಭಾಗ ಅದು. “ತಣ್ಣಗಿದ್ದಾಗ ಸುಮ್ಮನಿರುತ್ತದೆ, ಬಿಸಿಯಾದರೆ ಸಾಯುತ್ತದೆ. ನೀವು ಟವೆಲು ಹಾಕಿ ಕಾದ ಹತ್ತು ನಿಮಿಷದಲ್ಲಿ ತಣಿದದ್ದು ಪಂಪಲ್ಲ, ಇದು.”

ಡಬ್ಬಿ ತನ್ನಿ ಎಂದು ಯಾರೋ ಕೂಗಿದರು. ನಮ್ಮ ಗುಂಪಿಗೆ ಇರುವ ಒಂದೇ ಆಸ್ತಿ ಅದು, ಬಿಸ್ಕತ್ತಿನ ಹಳೆಯ ಚೌಕ ತಗಡಿನ ಡಬ್ಬಿ. ಯಾರಿಗೆ ಏನು ಹೆಚ್ಚಿದೆಯೋ ಅದರಲ್ಲಿ ಹಾಕುವುದು, ಯಾರಿಗೆ ಬೇಕೋ ತೆಗೆದುಕೊಳ್ಳುವುದು. ಫ್ಯಾನ್ ಬೆಲ್ಟು, ಫ್ಯೂಸು, ಕಾರ್ಬುರೇಟರಿನ ಜೆಟ್ಟು, ಯಾವ ಗಾಡಿಗೂ ಸೇರದ ಒಂದಷ್ಟು ವಾಷರುಗಳು. ಜೊತೆಗೆ ನಲವತ್ತು ಪುಟದ ಒಂದು ನೋಟ್‌ಬುಕ್ಕು. ಡಬ್ಬಿಯಲ್ಲಿ ಒಂದು ಕಂಡೆನ್ಸರ್ ಇತ್ತು. ಹಾಕಿ ನೋಡಿದರು, ಅದೂ ಸತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರುಗಳ ಬಗ್ಗೆ ಮೇಷ್ಟ್ರು ಎರಡು ಮಾತು ಆಡಿದರು, ಅವನ್ನು ಇಲ್ಲಿ ಬರೆಯಲಾಗದು.

ಹುಡುಗ ತನ್ನ ಗಾಡಿಯ ಕಡೆ ಹೋದ. ಅವನ ಎಡಬಾಗಿಲಿನ ತ್ರಿಕೋನ ಗಾಜನ್ನು ಗೋಣಿದಾರದಿಂದ ಕನ್ನಡಿಯ ಕಂಬಕ್ಕೆ ಎಳೆದು ಕಟ್ಟಿದ್ದ. ದಾರದ ಗಂಟಿನ ಕೆಳಗೆ ಗಾಜು ಅಲುಗಾಡದಿರಲೆಂದು ಸೈಕಲ್ ಟ್ಯೂಬಿನ ಚೂರೊಂದನ್ನು ಮಡಚಿ ತುರುಕಿದ್ದ. ಅಲ್ಲಿಂದ ಕಣ್ಣು ಕೀಳಲಾರದೆ ನಿಂತೆ. ಅವನು ಡ್ಯಾಶ್‌ಬೋರ್ಡಿನ ಖಾನೆ ತಡಕಿ, ಹೆಬ್ಬೆರಳಿನ ತುದಿಯಷ್ಟಿರುವ ತಗಡಿನ ಕೊಳವೆಯೊಂದನ್ನು ತಂದ. “ಹಳೆಯದೇ ಸಾರ್, ತಾತನ ಕಾಲದ್ದು. ಆದರೆ ಜೀವ ಇದೆ.”

“ನಿನಗೆ ಬೇರೆ ಇದೆಯೇನಪ್ಪಾ?” ಎಂದೆ.

“ಗಾಡಿಯಲ್ಲಿ ಇರುವುದು ನಡೆಯುತ್ತಿದೆಯಲ್ಲ ಸಾರ್” ಎಂದ.

ಸುಟ್ಟು ಕಪ್ಪಾದ ಪಾಯಿಂಟನ್ನು ಉಜ್ಜಲು ಮೇಷ್ಟ್ರಿಗೆ ಬೆಂಕಿಪೊಟ್ಟಣ ಬೇಕಾಯಿತು. ನಮ್ಮಲ್ಲಿ ಯಾರೂ ಬೀಡಿ ಸಿಗರೇಟು ಸೇದುವವರಿಲ್ಲ. ಆಲೆಮನೆಗೆ ಹೋದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ನೊರೆ ಏರುತ್ತಿತ್ತು. ಒಲೆಯ ಬಾಯಿಗೆ ರಚ್ಚು, ಅಂದರೆ ಕಬ್ಬಿನ ಒಣಗಿದ ಸಿಪ್ಪೆ, ತಳ್ಳುತ್ತ ಕೂತಿದ್ದವನು ನನ್ನನ್ನು ನೋಡಲೂ ಇಲ್ಲ, ನೋಡುವಂತಿಲ್ಲ. ಉರಿ ತಪ್ಪಿದರೆ ಪಾಕ ಕೆಡುತ್ತದೆ. ಒಂದು ಕೈಯಲ್ಲಿ ರಚ್ಚು ತಳ್ಳುತ್ತಲೇ ಇನ್ನೊಂದು ಕೈಯಿಂದ ಜೇಬಿನ ಪೊಟ್ಟಣ ತೆಗೆದು ಎಸೆದ. ಅದರ ಗೀರುವ ಬದಿಯನ್ನು ಹರಿದು, ಪಾಯಿಂಟಿನ ನಡುವೆ ತೂರಿಸಿ, ಮೇಷ್ಟ್ರು ಹಲ್ಲುಜ್ಜಿದಷ್ಟು ಜೋಪಾನವಾಗಿ ಉಜ್ಜಿದರು. ಸಂದು ಎಷ್ಟಿರಬೇಕೆಂದು ಅಳೆಯಲು ಯಾರದೋ ಗಾಡಿಯಲ್ಲಿದ್ದ ಲಗ್ನಪತ್ರಿಕೆಯ ಅಂಚು ಸಾಕಾಯಿತು. ವಧೂವರರು ಚೆನ್ನಾಗಿರಲಿ.

ಇಷ್ಟೆಲ್ಲ ಆಗುವಾಗ ನಾನು ಮಾಡುವುದೇನಿಲ್ಲದೆ ಡಬ್ಬಿಯ ಪುಸ್ತಕ ತಿರುವುತ್ತಿದ್ದೆ. ಎರಡೇ ಅಂಕಣ: ಹಾಕಿದವರು, ತೆಗೆದುಕೊಂಡವರು. ಬೆಲೆ ಬರೆಯುವ ಪದ್ಧತಿ ಇಲ್ಲ. ನನ್ನ ಹೆಸರು ನಾಲ್ಕು ಕಡೆ ಇತ್ತು. ನಾಲ್ಕೂ ಬಲಗಡೆಯ ಅಂಕಣದಲ್ಲಿ. ಮೂವತ್ತು ವರ್ಷ ಬೇರೆಯವರ ಜಮೆ ಖರ್ಚು ನೋಡಿದವನಿಗೆ ಅದನ್ನು ಓದಲು ಕನ್ನಡಕ ಬೇಕಾಗಲಿಲ್ಲ. ಕೆಳಗೆ ಐದನೆಯ ಸಲ ಬರೆದೆ. ಹುಡುಗನ ಹೆಸರನ್ನು ಎಡಗಡೆ ನಾನೇ ಬರೆಯಬೇಕಾಯಿತು, ಅವನಿಗೆ ಅದು ನೆನಪೇ ಇರಲಿಲ್ಲ.

ಗಾಡಿ ಒಂದೇ ಸಲಕ್ಕೆ ಎದ್ದಿತು. ಆಲೆಮನೆಯವರು ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟರು, ನಾಲಗೆ ಸುಟ್ಟುಕೊಂಡೆವು. ಜಕ್ಕನಹಳ್ಳಿಯ ಹತ್ತಿರ ತಿರುಗಿ ಬೆಟ್ಟ ಏರಿ ಮೇಲುಕೋಟೆ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಪುಳಿಯೋಗರೆಯ ಬಗ್ಗೆ ಹೇಳುವುದೇನಿದೆ, ಮೇಲುಕೋಟೆಯದು.

ಕಲ್ಯಾಣಿಯ ಮೆಟ್ಟಿಲ ಮೇಲೆ ಹಾಳೆ ತೆಗೆದು ಓದಿದೆ. ಬೆಳಿಗ್ಗೆ ಅಷ್ಟು ಗಂಭೀರವಾಗಿ ಕಂಡ ಸಾಲುಗಳು ಓದುತ್ತ ಹೋದಂತೆ ಬೇರೆ ಯಾರೋ, ಯಾವುದೋ ದೊಡ್ಡ ಊರಿನ, ತೊಳೆದ ಕಾರಿನವರು ಬರೆದಂತೆ ಕೇಳಿಸಿದವು. ಲೆಕ್ಕಪರಿಶೋಧಕರು ಪ್ರತಿ ಅಂಶಕ್ಕೂ ತಲೆಯಾಡಿಸಿದರು. ಇಬ್ಬರು ಮಕ್ಕಳು ಮೀನಿಗೆ ಪುರಿ ಎಸೆಯುತ್ತಿದ್ದರು. ಮುಗಿಸಿದಾಗ ಡಾಕ್ಟರಮ್ಮ ಕೇಳಿದರು, “ಎಲ್ಲ ಸರಿ. ಇದರಲ್ಲಿ ಡಬ್ಬಿ ಎಲ್ಲಿ ಬಂತು?”

“ಡಬ್ಬಿ ಧ್ಯೇಯವಲ್ಲವಲ್ಲ, ಮೇಡಂ” ಎಂದರು ಲೆಕ್ಕಪರಿಶೋಧಕರು.

“ಹಾಗಾದರೆ ನಾನು ಮುಂದೆ ಹೋಗುವುದು?”

“ಅದನ್ನು ಮೂರನೆಯ ಅಂಶದಲ್ಲಿ, ರಸ್ತೆ ಸುರಕ್ಷತೆ ಎಂದು...”

“ಸುರಕ್ಷತೆಗೆ ಅಲ್ಲ ಕಣ್ರೀ” ಎಂದು ಡಾಕ್ಟರಮ್ಮ ನಕ್ಕರು. “ನಾನು ಹಿಂದೆ ಉಳಿದರೆ ನಿಮಗೆ ತಿಳಿಯುವುದೇ ಇಲ್ಲವಲ್ಲ, ಅದಕ್ಕೆ.”

ಚರ್ಚೆ ಅಲ್ಲಿಗೇ ನಿಂತಿತು. ಡಬ್ಬಿಯನ್ನು ಯಾವ ಕಾನೂನಿನ ಭಾಷೆಯಲ್ಲಿ ಬರೆಯುವುದೆಂದು ನನಗೂ ಹೊಳೆಯಲಿಲ್ಲ. ಆ ಒಂಬತ್ತು ಅಂಶಗಳ ಹಾಳೆ ಒಂದಕ್ಷರ ಬದಲಾಗದೆ ನೋಂದಣಿಗೆ ಹೋಯಿತು. ಈಗ ನಮಗೆ ಒಂದು ಮೊಹರು ಇದೆ, ಲೆಕ್ಕಪರಿಶೋಧಕರ ಮನೆಯಲ್ಲಿ.

ಡಿಸೆಂಬರ್‌ನ ಭಾನುವಾರ ಬನ್ನಿಮಂಟಪದಲ್ಲಿ ಹುಡುಗನನ್ನು ಪಕ್ಕಕ್ಕೆ ಕರೆದು ಎಣ್ಣೆ ಕಾಗದದ ಪೊಟ್ಟಣ ಕೊಟ್ಟೆ. ಬೀರು ಚೊಕ್ಕಟ ಮಾಡುವಾಗ ಸಿಕ್ಕಿತು ಎನ್ನಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು, “ಅವತ್ತೂ ಇತ್ತಪ್ಪಾ ನನ್ನ ಹತ್ತಿರ” ಎಂಬುದು. ಅವನು ಅದಕ್ಕೆ ಏನೂ ಹೇಳಲಿಲ್ಲ. ಕಾಗದ ಬಿಚ್ಚಿ, ಎರಡು ಚಿಲಕಗಳನ್ನೂ ಅಂಗೈ ಮೇಲಿಟ್ಟು, ಹೆಬ್ಬೆರಳಿನಿಂದ ಒಂದೊಂದನ್ನೇ ತಿರುಗಿಸಿ ನೋಡಿದ. ಲೇತ್ ಕೆಲಸದವನ ಕಣ್ಣು.

“ಎಡದ್ದೋ ಬಲದ್ದೋ ಸಾರ್?”

“ಒಂದು ಎಡದ್ದು, ಒಂದು ಬಲದ್ದು ಇರಬೇಕು, ಜೋಡಿ” ಎಂದೆ.

“ಎರಡೂ ಬಲದ್ದೇ” ಎಂದ.

ಅಪ್ಪನೂ ನೋಡದೆ ತಂದಿದ್ದರು, ನಾನೂ ನೋಡದೆ ಕಾದಿದ್ದೆ. ಹುಡುಗನ ಎಡಗಾಜಿನಲ್ಲಿ ಗೋಣಿದಾರ ಹಾಗೆಯೇ ಇತ್ತು, ಗಂಟು ಮಾತ್ರ ಹೊಸದು. ಅವನು ಚಿಲಕಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟು, ನೋಟ್‌ಬುಕ್ಕನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟ. ಅಷ್ಟರಲ್ಲಿ ಹೆರಾಲ್ಡ್ ಹೊರಟಿತು.