"ಮೋಟಾರ್ ಯಾವಾಗ ಕೊಡ್ತೀರಿ ಸರ್?"

ಚಲಿಸುವ ಶಿಲ್ಪ ಮಾಡಲು ಕಲಿಯೋಕೆ ಬಂದ ಮಕ್ಕಳು ಮೊದಲ ದಿನವೇ ಕೇಳುವ ಪ್ರಶ್ನೆ ಇದು. ಕರೆದುಕೊಂಡು ಬಂದ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ನನ್ನ ಉತ್ತರ ಒಂದೇ: ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಆಮೇಲೆ.

ಮೊದಲ ಎರಡು ವಾರ ದಾರ, ತಂತಿ, ರಟ್ಟು ಅಷ್ಟೇ. ತೂಗುವ ಶಿಲ್ಪದಿಂದ ಶುರು ಮಾಡುತ್ತೇವೆ. ಇದಕ್ಕೆ 'ಮೊಬೈಲ್' ಅಂತ ಹೆಸರು. ಫೋನಿಗಿಂತ ಎಷ್ಟೋ ಮೊದಲೇ, 1931ರಲ್ಲಿ, ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಶಿಲ್ಪಗಳಿಗೆ ಫ್ರೆಂಚ್ ಕಲಾವಿದ ಮಾರ್ಸೆಲ್ ದುಶಾಂಪ್ ಇಟ್ಟ ಹೆಸರದು. ಕಾಲ್ಡರ್ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಮೊದಮೊದಲು ಅವರೂ ಮೋಟಾರ್ ಹಾಕಿಯೇ ಮಾಡಿದರು. ಆಮೇಲೆ ಹೆಚ್ಚಾಗಿ ಗಾಳಿಗೇ ಬಿಟ್ಟರು. ಮೋಟಾರ್ ಮಾಡಿದ್ದನ್ನೇ ಮಾಡುತ್ತದೆ, ಗಾಳಿ ಹಾಗಲ್ಲ. 1955ರಲ್ಲಿ ಅವರು ಅಹಮದಾಬಾದಿಗೆ ಬಂದು ಅಲ್ಲಿನ ಉದ್ಯಮಿ ಸಾರಾಭಾಯಿ ಕುಟುಂಬದವರ ಮನೆಯಲ್ಲಿದ್ದು ಕೆಲವು ಶಿಲ್ಪ ಮಾಡಿದ್ದರು ಅಂದರೆ ಮಕ್ಕಳಿಗೆ ಭಾರಿ ಖುಷಿ.

30 ಸೆಂ.ಮೀ. ತಂತಿ. ಒಂದು ತುದಿಗೆ 10 ಗ್ರಾಂ, ಇನ್ನೊಂದಕ್ಕೆ 20 ಗ್ರಾಂ. ಲೆಕ್ಕ ಹೇಳಿಕೊಡುವ ಮೊದಲು ಬೆರಳ ಮೇಲಿಟ್ಟು ನೋಡಿ ಅನ್ನುತ್ತೇನೆ. ತಂತಿ ವಾಲುತ್ತದೆ, ಬೆರಳು ಸರಿಯುತ್ತದೆ, ಒಂದು ಕಡೆ ನಿಂತುಬಿಡುತ್ತದೆ. ಸ್ಕೇಲ್ ಹಿಡಿದರೆ ಭಾರದ ತುದಿಯಿಂದ 10 ಸೆಂ.ಮೀ.ಗಿಂತ ಒಂಚೂರು ಆಚೆ. ಆ ಒಂಚೂರು ಯಾಕೆ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ತಂತಿಗೂ ತೂಕ ಇದೆ ಅಲ್ವಾ!

ಆಮೇಲೆ ಹ್ಯಾಂಡಲ್ ಮತ್ತು ಕ್ಯಾಮ್. ರಟ್ಟಿನ ಬಿಲ್ಲೆಗೆ ನಡುವೆ ಬಿಟ್ಟು ಸ್ವಲ್ಪ ಪಕ್ಕಕ್ಕೆ ತೂತು ಮಾಡಿ, ಅದರಲ್ಲಿ ಹ್ಯಾಂಡಲ್ ಸಿಕ್ಕಿಸಿದರೆ ಅದೇ ಕ್ಯಾಮ್. ತೂತು 1 ಸೆಂ.ಮೀ. ಸರಿದರೆ, ಬಿಲ್ಲೆಯ ಮೇಲೆ ಕೂತ ಕಡ್ಡಿ 2 ಸೆಂ.ಮೀ. ಏರಿ ಇಳಿಯುತ್ತದೆ. ಆ ಕಡ್ಡಿಗೆ ಏನು ಕಟ್ಟಬೇಕು ಅನ್ನೋದು ಮಕ್ಕಳಿಗೆ ಬಿಟ್ಟಿದ್ದು.

ಎಂಟನೇ ಕ್ಲಾಸಿನ ಒಬ್ಬಳು ಬೆಳ್ಳಕ್ಕಿ ಮಾಡಿದ್ದಳು. ಕಡ್ಡಿ ಏರಿದರೆ ಕತ್ತು ಮೇಲೆ, ಇಳಿದರೆ ಕೆಳಗೆ. ಆದರೆ ಅರ್ಧ ಸುತ್ತಿಗೆ ಹಿಡಿದುಕೊಳ್ಳುತ್ತಿತ್ತು. ನಿಧಾನವಾಗಿ ತಿರುಗಿಸು, ಕಣ್ಣು ಮುಚ್ಚಿಕೋ ಅಂದೆ. ನಾಲ್ಕೈದು ಸಲ ತಿರುಗಿಸಿ, "ಇಲ್ಲಿ ಸರ್, ಕಡ್ಡಿ ವಾರೆ ಆಗ್ತಿದೆ" ಅಂದಳು. ಸರಿಯಾಗಿ ಹೇಳಿದ್ದಳು. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಲು ಹಾಕಿದ್ದ ಸ್ಟ್ರಾ ತುಂಡು 2 ಸೆಂ.ಮೀ. ಮಾತ್ರ ಇತ್ತು. 5 ಸೆಂ.ಮೀ. ತುಂಡು ಹಾಕಿದಳು, ಬಿಟ್ಟಿತು. ಮೋಟಾರ್ ಇದ್ದಿದ್ದರೆ ಎಳೆದಾಡಿಕೊಂಡು ತಿರುಗಿಸುತ್ತಿತ್ತು, ಇಲ್ಲಾ ರಟ್ಟು ಹರಿಯುತ್ತಿತ್ತು. ತಪ್ಪು ಎಲ್ಲಿದೆ ಅಂತ ಹೇಳೋದು ಕೈ. ಅದಕ್ಕೇ ನಾನು ಮೋಟಾರ್ ಬೇಗ ಕೊಡಲ್ಲ.

ಅವತ್ತು ಕೊಟ್ಟೆ. ನಿಮಿಷಕ್ಕೆ 10 ಸುತ್ತಿನ ಗೇರ್ ಮೋಟಾರ್. ಆರು ಸೆಕೆಂಡಿಗೊಮ್ಮೆ ಬೆಳ್ಳಕ್ಕಿ ತಲೆ ಬಾಗಿಸಿತು, ಎತ್ತಿತು, ಬಾಗಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಟ್ಟಲಿಲ್ಲ.

"ಬೆಳ್ಳಕ್ಕಿ ಹೀಗೆ ಮಾಡಲ್ಲ ಸರ್. ನಮ್ಮ ಗದ್ದೆಲಿ ಸುಮ್ನೆ ನಿಂತಿರತ್ತೆ, ಎಷ್ಟೋ ಹೊತ್ತು. ಆಮೇಲೆ ಟಪ್ ಅಂತ ಕುಕ್ಕತ್ತೆ."

ಇಷ್ಟು ವರ್ಷದಲ್ಲಿ ಕ್ಲಾಸಿನಲ್ಲಿ ನಾನು ಕೇಳಿದ ಅತಿ ಒಳ್ಳೆಯ ಮಾತು ಅದು. ಚಲನೆಯನ್ನು ಶಿಲ್ಪ ಮಾಡುವಾಗ ನಿಲ್ಲೋದನ್ನೂ ಮಾಡಬೇಕು. ಮೋಟಾರ್ ಬಿಚ್ಚಿ ಮತ್ತೆ ಹ್ಯಾಂಡಲ್ ಹಾಕಿದೆವು. ಹೊಸ ಬಿಲ್ಲೆಯಲ್ಲಿ ತೂತು ನಡುವಿಗೇ ಬಂತು. ಮುಕ್ಕಾಲು ಸುತ್ತು ಅಂಚು ತೂತಿನಿಂದ ಒಂದೇ ದೂರದಲ್ಲಿತ್ತು, ಹಾಗಾಗಿ ಕತ್ತು ಅಲ್ಲಾಡುವುದಿಲ್ಲ. ಆಮೇಲೆ ಒಂದೇ ಮೆಟ್ಟಿಲು, ಕಡ್ಡಿ ಟಪ್ಪನೆ ಬೀಳುತ್ತದೆ. ಅಲ್ಲಿಂದ ಇಳಿಜಾರಿನ ಹಾಗೆ ಮತ್ತೆ ಮೇಲಕ್ಕೆ. ರಟ್ಟಿನಲ್ಲಿ ಮೂರು ಬಿಲ್ಲೆ ಹಾಳಾದವು. ನಾಲ್ಕನೆಯದನ್ನು ಪ್ಲೈವುಡ್‌ನಲ್ಲಿ ಕೊಯ್ದಳು.

ನೋಡಲು ಬಂದ ಹುಡುಗನೊಬ್ಬ ಹಿಂದಕ್ಕೆ ತಿರುಗಿಸಿಬಿಟ್ಟ. ಕಡ್ಡಿ ಮೆಟ್ಟಿಲಿಗೆ ತಗುಲಿ ಮುರಿಯಿತು. ಈಗ ಹ್ಯಾಂಡಲ್ ಪಕ್ಕ ಕೆಂಪು ಬಾಣ ಬರೆದಿದ್ದಾಳೆ, ಕೆಳಗೆ ದಪ್ಪ ಅಕ್ಷರದಲ್ಲಿ: "ಈ ಕಡೆಗೆ ಮಾತ್ರ. ನಿಧಾನ."